ದೂರದ ನೆರೆಯವನಿಗೆ ಕೊಟ್ಟ ಮಾತು



ನಮ್ಮ ಹಳ್ಳಿಯ ಸಭೆಗಳಲ್ಲಿ ಆಗಾಗ್ಗೆ ಕೇಳಿಬರುವ ಒಂದು ಪ್ರಶ್ನೆಯುಂಟು. ದೂರದ ಯಾವದೋ ದೇಶದಲ್ಲಿ ಯುದ್ಧದಿಂದಲೋ ಬರದಿಂದಲೋ ಕಷ್ಟಪಡುವವರಿಗೋಸ್ಕರ ಮುಂದಿನ ಭಾನುವಾರ ವಿಶೇಷ ಕಾಣಿಕೆ ಎತ್ತಲ್ಪಡುವದೆಂದು ಅಯ್ಯನವರು ಪ್ರಕಟಿಸುತ್ತಾರೆ. ಆರಾಧನೆ ಮುಗಿದ ಮೇಲೆ ಹಿರಿಯರಲ್ಲಿ ಒಬ್ಬರು ಮೆಲ್ಲಗೆ ಹತ್ತಿರ ಬಂದು, “ಅಯ್ಯನವರೇ, ನಮ್ಮ ಕೇರಿಯ ವಿಧವೆಯ ಮನೆ ಸೋರುತ್ತದೆ, ಶಾಲೆಯ ಗೋಡೆ ಕುಸಿದಿದೆ. ಹೆಸರನ್ನು ಸಹ ನೆಟ್ಟಗೆ ಹೇಳಲು ಬಾರದ ದೇಶದವರಿಗೆ ನಾವು ಯಾವ ಸಾಲ ಬಿದ್ದಿದ್ದೇವೆ?” ಎಂದು ಕೇಳುತ್ತಾರೆ.

ಇದನ್ನು ಲೋಭಿಯ ಪ್ರಶ್ನೆಯೆಂದು ತಳ್ಳಿಬಿಡಬಾರದು. ಇದನ್ನು ಕೇಳುವವರು ಅನೇಕಸಾರಿ ಆ ವಿಧವೆಯ ಮನೆಗೆ ತಾವೇ ಹುಲ್ಲು ಹೊತ್ತು ಹಾಕಿದವರಾಗಿರುತ್ತಾರೆ. ನೆರೆಯವನು ಯಾರೆಂದು ಧರ್ಮಶಾಸ್ತ್ರಿಯೊಬ್ಬನು ನಮ್ಮ ಕರ್ತನನ್ನು ವಿಚಾರಿಸಿದಾಗ, ಕರ್ತನು ಹರದಾರಿಗಳ ಲೆಕ್ಕವನ್ನು ಹೇಳದೆ ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದಿದ್ದ ಮನುಷ್ಯನ ಸಾಮ್ಯವನ್ನು ಹೇಳಿದನು. ಕುಲಭೇದವಾಗಲಿ ಜನಾಂಗಭೇದವಾಗಲಿ ನೆರೆತನಕ್ಕೆ ಅಡ್ಡಿಯಲ್ಲವೆಂದು ಅದರಿಂದ ನಾವೆಲ್ಲರೂ ಕಲಿತಿದ್ದೇವೆ. ಆದರೆ ಆ ಸಮಾರ್ಯದವನ ಕಣ್ಣೆದುರಿಗೇ ಗಾಯಪಟ್ಟವನು ಬಿದ್ದಿದ್ದನು. ಕಣ್ಣಿಗೆ ಕಾಣದಷ್ಟು ದೂರದಲ್ಲಿ ಬಿದ್ದಿರುವವನ ವಿಷಯವೇನು? ಅವನೂ ನಮ್ಮ ನೆರೆಯವನೆಂದು ಬಾಯಿಂದ ಒಪ್ಪಿಕೊಳ್ಳುವದು ಸುಲಭ. ಒಪ್ಪಿಕೊಂಡ ಮೇಲೆ ನಮ್ಮ ಹೆಗಲಿನ ಮೇಲೆ ಬರುವ ಹೊರೆ ಯಾವದು? ಈ ಪ್ರಶ್ನೆಯನ್ನು ಬರೀ ತರ್ಕದಿಂದ ಬಿಡಿಸುವದಕ್ಕಿಂತ, ಇದೇ ಪ್ರಶ್ನೆಯಲ್ಲಿ ಶೋಧಿಸಲ್ಪಟ್ಟ ಒಂದು ಸಂಘದ ಚರಿತ್ರೆಯನ್ನು ನೋಡುವದು ನಮಗೆ ಹೆಚ್ಚು ಪ್ರಯೋಜನಕರವಾಗಿದೆ. ಆ ಸಂಘವು ಇಂಗ್ಲೆಂಡಿನದು. ಆದರೆ ಅದರಿಂದ ಕಲಿಯತಕ್ಕ ಪಾಠವು ಎಲ್ಲಾ ದೇಶಗಳವರಿಗೂ ಸಂಬಂಧಪಟ್ಟದ್ದು.

೧೯೧೪ರಲ್ಲಿ ಯುರೋಪಿನಲ್ಲಿ ಮಹಾಯುದ್ಧವು ಹುಟ್ಟಿ ನಾಲ್ಕು ವರುಷಗಳ ವರೆಗೆ ಲಕ್ಷಾಂತರ ಯೌವನಸ್ಥರನ್ನು ನುಂಗಿತು. ಕ್ರಿಸ್ತನ ಹೆಸರನ್ನು ಹೇಳಿಕೊಳ್ಳುವ ಜನಾಂಗಗಳೇ ಒಬ್ಬರನ್ನೊಬ್ಬರು ಕೊಂದವು. ಇಂಥದು ಇನ್ನೊಂದು ಸಾರಿ ಆಗದಂತೆ, ರಾಷ್ಟ್ರಗಳು ತಮ್ಮ ವ್ಯಾಜ್ಯಗಳನ್ನು ಕತ್ತಿಯಿಂದಲ್ಲ, ಪಂಚಾಯಿತಿಯಿಂದ ತೀರಿಸಿಕೊಳ್ಳಬೇಕೆಂದು ಯೋಚಿಸಿದ ಜನರು ಆ ದೇಶದಲ್ಲಿ ಎರಡು ಸಂಘಗಳಾಗಿ ಕೂಡಿದ್ದರು. ೧೯೧೮ನೆಯ ಅಕ್ಟೋಬರಿನಲ್ಲಿ, ಎಂದರೆ ಯುದ್ಧವು ನಿಲ್ಲುವದಕ್ಕೆ ಒಂದು ತಿಂಗಳು ಮುಂಚೆ, ಆ ಎರಡೂ ಒಂದಾಗಿ ‘ಲೀಗ್ ಆಫ್ ನೇಷನ್ಸ್ ಯೂನಿಯನ್’ ಎಂಬ ಹೆಸರನ್ನು ಹೊಂದಿದವು. ನಾವು ಇದನ್ನು ಸುಲಭವಾಗಿ ಯೂನಿಯನ್ ಎಂದು ಕರೆಯೋಣ. ಜಿನೀವ ಪಟ್ಟಣದಲ್ಲಿ ಕೂಡಿಬರುತ್ತಿದ್ದ ರಾಷ್ಟ್ರಸಂಘವು ಸರಕಾರಗಳ ಕೂಟವಾಗಿತ್ತು. ಯೂನಿಯನ್ ಆದರೋ ಸಾಮಾನ್ಯ ಜನರ ಕೂಟವಾಗಿತ್ತು. ರಾಷ್ಟ್ರಸಂಘದ ಒಡಂಬಡಿಕೆಯನ್ನು ಬರೆದವರಲ್ಲಿ ಒಬ್ಬರಾದ ಲಾರ್ಡ್ ರಾಬರ್ಟ್ ಸೆಸಿಲರೂ, ಗ್ರೀಕ್ ಭಾಷೆಯ ಪಂಡಿತರಾದ ಗಿಲ್ಬರ್ಟ್ ಮರೆಯವರೂ ಅದರ ಮುಂದಾಳುಗಳಾಗಿದ್ದರು.

ಆ ಯೂನಿಯನ್ ಊರೂರುಗಳಲ್ಲಿ ಶಾಖೆಗಳನ್ನು ಸ್ಥಾಪಿಸಿತು. ಉಪನ್ಯಾಸಗಳನ್ನು ಮಾಡಿಸಿತು, ಚಿಕ್ಕ ಪುಸ್ತಕಗಳನ್ನು ಹಂಚಿತು, ಶಾಲೆಯ ಮಕ್ಕಳಿಗೆ ಬೇರೆ ಜನಾಂಗಗಳ ವಿಷಯವಾಗಿ ಹಗೆಯಿಲ್ಲದೆ ಕಲಿಸಬೇಕೆಂದು ಬೋಧಕರನ್ನು ಪ್ರೇರಿಸಿತು. ೧೯೩೧ರಲ್ಲಿ ಅದರ ಸದಸ್ಯರು ನಾಲ್ಕು ಲಕ್ಷಕ್ಕೂ ಮಿಕ್ಕಿದ್ದರು. ಒಬ್ಬೊಬ್ಬರಾಗಿ ಮಾತ್ರವಲ್ಲ, ಸಭೆಸಭೆಯಾಗಿಯೂ ಜನರು ಸೇರಬಹುದಾಗಿತ್ತು. ಆದಕಾರಣ ಅನೇಕ ಕ್ರೈಸ್ತ ಸಭೆಗಳು, ವಿಶೇಷವಾಗಿ ಮೆಥೊಡಿಸ್ಟ್, ಬ್ಯಾಪ್ಟಿಸ್ಟ್ ಮುಂತಾದವು, ಅದರಲ್ಲಿ ಸೇರಿದವು. ದೂರದೇಶದವನ ನ್ಯಾಯವೂ ನನ್ನ ಊರಿನ ನ್ಯಾಯದಂತೆಯೇ ನನಗೆ ಸಂಬಂಧಪಟ್ಟದ್ದು ಎಂಬದೇ ಅವರ ಉಪದೇಶದ ಸಾರವಾಗಿತ್ತು. ಇದನ್ನು ಕೇಳಿದವರು ತಲೆದೂಗಿದರು. ತಲೆದೂಗುವದಕ್ಕೆ ಯಾರಿಗೂ ಏನೂ ಖರ್ಚಾಗಲಿಲ್ಲ.

ಈ ತಲೆದೂಗುವಿಕೆಯಲ್ಲಿ ಎಷ್ಟು ಸತ್ಯವುಂಟೆಂದು ಲೋಕಕ್ಕೆ ತೋರಿಸಬೇಕೆಂದು ಯೂನಿಯನಿನವರು ೧೯೩೪ರ ಕೊನೆಯಲ್ಲಿ ಬೇರೆ ಅನೇಕ ಸಂಘಗಳ ಸಂಗಡ ಕೂಡಿ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದರು. ಜನರು ಅದನ್ನು ಪೀಸ್ ಬ್ಯಾಲಟ್, ಅಂದರೆ ಶಾಂತಿಯ ಮತವೆಂದು ಕರೆದರು. ಸುಮಾರು ಐದು ಲಕ್ಷ ಮಂದಿ ಸ್ತ್ರೀಪುರುಷರು ಸಂಬಳವಿಲ್ಲದೆ ಮನೆಯಿಂದ ಮನೆಗೆ ಹೋಗಿ, ಐದು ಪ್ರಶ್ನೆಗಳಿದ್ದ ಕಾಗದವನ್ನು ಕೊಟ್ಟು, ಮತ್ತೆ ಹೋಗಿ ಉತ್ತರಗಳನ್ನು ಕೂಡಿಸಿದರು. ಬ್ರಿಟನ್ ದೇಶವು ರಾಷ್ಟ್ರಸಂಘದಲ್ಲಿ ಉಳಿಯಬೇಕೋ? ಎಲ್ಲರೂ ಒಪ್ಪಿ ಯುದ್ಧಸಾಮಗ್ರಿಗಳನ್ನು ಕಡಿಮೆಮಾಡಬೇಕೋ? ಯುದ್ಧದ ವಿಮಾನಗಳನ್ನು ತೆಗೆದುಬಿಡಬೇಕೋ? ಸ್ವಂತ ಲಾಭಕ್ಕಾಗಿ ಆಯುಧಗಳನ್ನು ಮಾಡಿ ಮಾರುವದನ್ನು ನಿಷೇಧಿಸಬೇಕೋ? ಈ ನಾಲ್ಕು ಪ್ರಶ್ನೆಗಳ ತರುವಾಯ ಐದನೆಯದು ಬಂತು. ಒಂದು ಜನಾಂಗವು ಇನ್ನೊಂದರ ಮೇಲೆ ಬೀಳುವದಕ್ಕೆ ಹಟಹಿಡಿದರೆ, ಉಳಿದ ಜನಾಂಗಗಳು ಕೂಡಿ ಅದನ್ನು ತಡೆಯಬೇಕೋ? ಮೊದಲು ವ್ಯಾಪಾರವನ್ನು ನಿಲ್ಲಿಸುವದೇ ಮೊದಲಾದ ಯುದ್ಧವಲ್ಲದ ಉಪಾಯಗಳಿಂದ. ಎರಡನೆಯದಾಗಿ, ಅವಶ್ಯವಾದರೆ ಯುದ್ಧದಿಂದ?

೧೯೩೫ನೆಯ ಜೂನ್ ೨೭ರಂದು ಲಂಡನ್ ಪಟ್ಟಣದ ಆಲ್ಬರ್ಟ್ ಹಾಲ್‌ನಲ್ಲಿ ಫಲಿತವು ಪ್ರಕಟಿಸಲ್ಪಟ್ಟಿತು. ಒಂದು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚು ಜನರು, ಎಂದರೆ ಆ ದೇಶದ ಪ್ರಾಯಸ್ಥರಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿದವರು, ಉತ್ತರ ಕೊಟ್ಟಿದ್ದರು. ಐದನೆಯ ಪ್ರಶ್ನೆಯ ಮೊದಲನೆಯ ಭಾಗಕ್ಕೆ ಸುಮಾರು ಒಂದು ಕೋಟಿ ಜನರು ಹೌದೆಂದರು. ಎರಡನೆಯ ಭಾಗಕ್ಕೆ, ಅಂದರೆ ಯುದ್ಧದಿಂದ ತಡೆಯುವದಕ್ಕೆ, ಹೌದೆಂದವರು ಸುಮಾರು ೬೮ ಲಕ್ಷ. ಅಲ್ಲವೆಂದವರು ೨೩ ಲಕ್ಷಕ್ಕೂ ಮಿಕ್ಕಿದವರು. ಕ್ರಿಸ್ತನ ಶಿಷ್ಯನು ಕತ್ತಿಯನ್ನು ಹಿಡಿಯಬಾರದೆಂಬ ಮನಸ್ಸಾಕ್ಷಿಯಿಂದ ಉತ್ತರ ಕೊಟ್ಟವರೂ ಕೆಲವು ಸಾವಿರ ಮಂದಿ ಇದ್ದರು. ಅವರ ಉತ್ತರಗಳು ಪ್ರತ್ಯೇಕವಾಗಿ ಎಣಿಸಲ್ಪಟ್ಟವು. ಹೀಗೆ ಒಂದು ದೇಶದ ಜನರು, ಎಂದೂ ಕಾಣದ ನೆರೆಯವನಿಗೆ ಅನ್ಯಾಯವಾದರೆ ಅದನ್ನು ತಡೆಯುವದಕ್ಕೆ ತಾವು ನಷ್ಟಪಡಲು ಸಿದ್ಧರೆಂದು ಬರವಣಿಗೆಯಲ್ಲಿ ಮಾತುಕೊಟ್ಟರು.

ಆ ಮಾತಿಗೆ ಪರೀಕ್ಷೆಯು ನೂರು ದಿನಗಳೊಳಗೆ ಬಂತು. ೧೯೩೫ನೆಯ ಅಕ್ಟೋಬರ್ ೩ರಂದು ಮುಸ್ಸೊಲಿನಿಯ ಇಟಲಿಯು ಐಥಿಯೋಪ್ಯ ದೇಶದ ಮೇಲೆ ದಂಡೆತ್ತಿ ಬಂತು. ಆಗ ಅಬಿಸೀನಿಯವೆಂದೂ ಕರೆಯಲ್ಪಡುತ್ತಿದ್ದ ಈ ದೇಶದ ಹೆಸರು ನಮಗೆ ಹೊಸದಲ್ಲ. ತನ್ನ ರಥದಲ್ಲಿ ಯೆಶಾಯನ ಗ್ರಂಥವನ್ನು ಓದುತ್ತಾ ಹೋಗುತ್ತಿದ್ದ ಐಥಿಯೋಪ್ಯದ ಕಂಚುಕಿಗೆ ಫಿಲಿಪ್ಪನು ಸುವಾರ್ತೆಯನ್ನು ತಿಳಿಸಿ ದೀಕ್ಷಾಸ್ನಾನ ಮಾಡಿಸಿದ್ದನ್ನು ಅಪೊಸ್ತಲರ ಕೃತ್ಯಗಳಲ್ಲಿ ಓದಿದ್ದೇವೆ. ಪೂರ್ವಿಕರ ವಾಡಿಕೆಯಲ್ಲಿ ಆ ಹೆಸರು ಈಗಿನ ಐಥಿಯೋಪ್ಯಕ್ಕೆ ಉತ್ತರದಲ್ಲಿರುವ ಸೀಮೆಗೆ ಸಲ್ಲುತ್ತಿತ್ತಾದರೂ, ಈ ಐಥಿಯೋಪ್ಯದಲ್ಲಿಯೂ ನಾಲ್ಕನೆಯ ಶತಮಾನದಿಂದ ಕ್ರೈಸ್ತ ಸಭೆಯುಂಟು. ಆ ದೇಶವು ೧೯೨೩ರಲ್ಲಿ ರಾಷ್ಟ್ರಸಂಘದ ಸದಸ್ಯನಾಗಿ, ಅದರ ಒಡಂಬಡಿಕೆಯನ್ನು ನಂಬಿಕೊಂಡಿತ್ತು. ಅದನ್ನು ಹೊಡೆದ ಇಟಲಿಯೂ ಅದೇ ಒಡಂಬಡಿಕೆಗೆ ರುಜು ಹಾಕಿತ್ತು.

ರಾಷ್ಟ್ರಸಂಘವು ಸುಮ್ಮನಿರಲಿಲ್ಲ. ಇಟಲಿಯೇ ಅಪರಾಧಿಯೆಂದು ತೀರ್ಮಾನಿಸಿತು. ಸುಮಾರು ಐವತ್ತು ರಾಷ್ಟ್ರಗಳು ನವೆಂಬರ್ ೧೮ರಿಂದ ಇಟಲಿಯ ಸಂಗಡ ಕೆಲವು ವಿಧವಾದ ವ್ಯಾಪಾರವನ್ನು ನಿಲ್ಲಿಸಿದವು. ಹಾಗೆ ರಾಷ್ಟ್ರಗಳು ಕೂಡಿ ಒಬ್ಬ ಅಪರಾಧಿಯನ್ನು ವ್ಯಾಪಾರದಿಂದ ಶಿಕ್ಷಿಸಿದ್ದು ರಾಷ್ಟ್ರಸಂಘದ ಚರಿತ್ರೆಯಲ್ಲಿ ಅದೇ ಮೊದಲು. ಆದರೆ ಯುದ್ಧದ ಮೋಟಾರುಗಳನ್ನೂ ವಿಮಾನಗಳನ್ನೂ ನಡಿಸುವ ಎಣ್ಣೆಯನ್ನು ಮಾತ್ರ ನಿಲ್ಲಿಸಲಿಲ್ಲ. ಇಟಲಿಯ ದಂಡು ಹಡಗುಗಳಲ್ಲಿ ಹಾದುಹೋಗುತ್ತಿದ್ದ ಸೂಯೆಜ್ ಕಾಲುವೆಯನ್ನು ಮುಚ್ಚಲಿಲ್ಲ. ಎಣ್ಣೆಯನ್ನು ನಿಲ್ಲಿಸಿದರೆ ಮುಸ್ಸೊಲಿನಿಯು ನಮ್ಮ ಮೇಲೆಯೇ ಬೀಳುವನೇನೋ ಎಂದು ಸರಕಾರಗಳು ಅಂಜಿದವು. ಜರ್ಮನಿಯ ಭಯದಿಂದ ಇಟಲಿಯ ಸ್ನೇಹವನ್ನು ಕಳಕೊಳ್ಳಬಾರದೆಂದು ಫ್ರಾನ್ಸ್ ದೇಶವು ಯೋಚಿಸಿತು. ಹೀಗೆ ಕೊಡುವದಕ್ಕೆ ನೋವಾಗದ್ದನ್ನು ಕೊಟ್ಟು, ನೋವಾಗುವದನ್ನು ಕೈಯಲ್ಲಿಯೇ ಇಟ್ಟುಕೊಂಡರು.

ಅಷ್ಟೇ ಅಲ್ಲ. ಡಿಸೆಂಬರ್ ತಿಂಗಳಲ್ಲಿ ಬ್ರಿಟನಿನ ವಿದೇಶ ಮಂತ್ರಿ ಸರ್ ಸಾಮ್ಯುಯೆಲ್ ಹೋರ್ ಎಂಬವರೂ ಫ್ರಾನ್ಸಿನ ಪ್ರಧಾನಿ ಲವಾಲ್ ಎಂಬವರೂ ಪ್ಯಾರಿಸಿನಲ್ಲಿ ಕೂಡಿ, ಐಥಿಯೋಪ್ಯದ ದೊಡ್ಡ ಪಾಲನ್ನು ಇಟಲಿಗೆ ಬಿಟ್ಟುಕೊಟ್ಟು ಸಮಾಧಾನ ಮಾಡಬೇಕೆಂದು ಗುಟ್ಟಾಗಿ ಒಪ್ಪಿದರು. ಪೆಟ್ಟುತಿಂದವನ ಹೊಲವನ್ನು ಪೆಟ್ಟುಕೊಟ್ಟವನಿಗೆ ಹಂಚುವ ಪಂಚಾಯಿತಿಯಂತೆ ಇದಾಯಿತು. ವಿಷಯವು ಪತ್ರಿಕೆಗಳಲ್ಲಿ ಹೊರಬಿದ್ದಾಗ ಇಂಗ್ಲೆಂಡಿನ ಜನರು ಬಹಳವಾಗಿ ಕೋಪಗೊಂಡರು. ಪಾರ್ಲಿಮೆಂಟಿನ ಸದಸ್ಯರಿಗೆ ಪತ್ರಗಳು ರಾಶಿರಾಶಿಯಾಗಿ ಬಂದವು. ಕೆಲವೇ ದಿನಗಳಲ್ಲಿ ಆ ಮಂತ್ರಿಯು ರಾಜೀನಾಮೆ ಕೊಡಬೇಕಾಯಿತು, ಆ ಒಪ್ಪಂದವೂ ಬಿದ್ದುಹೋಯಿತು. ಶಾಂತಿಯ ಮತದಲ್ಲಿ ಹೌದೆಂದವರ ಮಾತು ಬರೀ ಗಾಳಿಯಾಗಿರಲಿಲ್ಲವೆಂಬದಕ್ಕೆ ಇದೇ ಸಾಕ್ಷಿ.

ಆದರೆ ಕೋಪವು ತೀರಿದ ಮೇಲೆ ಏನಾಯಿತು? ಮಂತ್ರಿಯು ಹೋದನು, ಎಣ್ಣೆಯು ಹೋಗುತ್ತಲೇ ಇತ್ತು. ಐಥಿಯೋಪ್ಯದ ಹಳ್ಳಿಗಳ ಮೇಲೆ ಇಟಲಿಯ ವಿಮಾನಗಳು ವಿಷದ ಗಾಳಿಯನ್ನು ಸುರಿಸಿದವು. ೧೯೩೬ನೆಯ ಮೇ ೫ರಂದು ರಾಜಧಾನಿಯಾದ ಆಡಿಸ್ ಅಬಾಬ ಪಟ್ಟಣವು ಶತ್ರುಗಳ ಕೈಸೇರಿತು. ಅದೇ ಜೂನ್ ೩೦ರಂದು ದೇಶಭ್ರಷ್ಟನಾದ ಚಕ್ರವರ್ತಿ ಹೈಲೆ ಸೆಲಾಸ್ಸಿಯು ಜಿನೀವಕ್ಕೆ ಬಂದು, ರಾಷ್ಟ್ರಸಂಘದ ಮುಂದೆ ನಿಂತು ತನ್ನ ಜನರ ಪರವಾಗಿ ನ್ಯಾಯವನ್ನು ಕೇಳಿದನು. ಇಟಲಿಯ ಪತ್ರಿಕೆಗಾರರು ಶಿಳ್ಳುಹಾಕಿ ಅವನನ್ನು ಹಾಸ್ಯಮಾಡಿದರು. ಜುಲೈ ತಿಂಗಳಲ್ಲಿ ರಾಷ್ಟ್ರಗಳು ಆ ಅಷ್ಟಿಷ್ಟು ವ್ಯಾಪಾರ ನಿಷೇಧವನ್ನು ಸಹ ತೆಗೆದುಬಿಟ್ಟವು. ಮೂರು ವರುಷಗಳ ಮೇಲೆ ಯುರೋಪಿನಲ್ಲಿ ಎರಡನೆಯ ಮಹಾಯುದ್ಧವು ಹತ್ತಿಕೊಂಡಿತು. ದೂರದ ನೆರೆಯವನ ಮನೆಗೆ ಬಿದ್ದ ಬೆಂಕಿಯನ್ನು ಆರಿಸದೆ ಬಿಟ್ಟವರ ಮನೆಗಳೂ ಕಡೆಗೆ ಉರಿದವು.

ಪ್ರಿಯರೇ, ಇಲ್ಲಿ ನಮ್ಮ ಕರ್ತನು ಹೇಳಿದ ಇಬ್ಬರು ಮಕ್ಕಳ ಸಾಮ್ಯವನ್ನು ನೆನಪಿಗೆ ತಂದುಕೊಳ್ಳಿರಿ. ದ್ರಾಕ್ಷೇತೋಟಕ್ಕೆ ಹೋಗು ಎಂದು ತಂದೆ ಹೇಳಿದಾಗ ಒಬ್ಬನು ಹೋಗುತ್ತೇನೆಂದು ಹೇಳಿ ಹೋಗಲಿಲ್ಲ. ಇನ್ನೊಬ್ಬನು ಹೋಗುವದಿಲ್ಲವೆಂದು ಹೇಳಿ, ಬಳಿಕ ಮನಮರುಗಿ ಹೋದನು. ಹೋಗುತ್ತೇನೆಂದು ಹೇಳಿದವನು ಸುಳ್ಳು ಹೇಳಬೇಕೆಂದು ಹೇಳಿರಲಿಕ್ಕಿಲ್ಲ. ಹೇಳುವಾಗ ಅವನಿಗೆ ಮನಸ್ಸಿದ್ದೀತು. ತೋಟದ ಬಿಸಿಲು ಮಾತ್ರ ಅವನ ಲೆಕ್ಕದಲ್ಲಿ ಇರಲಿಲ್ಲ. ಕಾಗದದ ಮೇಲೆ ಹೌದೆಂದು ಬರೆದ ಆ ಕೋಟಿ ಜನರನ್ನು ನಾವು ಹಾಸ್ಯಮಾಡಬಾರದು. ಅವರಲ್ಲಿ ಅನೇಕರು ಹೃದಯದಿಂದಲೇ ಬರೆದರು. ಆದರೆ ಅವರ ಚರಿತ್ರೆಯಿಂದ ಒಂದು ಸಂಗತಿಯನ್ನು ಕಲಿಯತಕ್ಕದ್ದು. ಅದೇನಂದರೆ, ಅನ್ಯಾಯಕ್ಕೆ ಕೋಪಿಸಿಕೊಳ್ಳುವದು ಒಂದು ವಾರದ ಕೆಲಸ, ಅನ್ಯಾಯವನ್ನು ತಡೆಯುವ ಹೊರೆಯನ್ನು ಹೊರುವದು ಬಹುಕಾಲದ ಕೆಲಸ. ಹೌದೆಂಬ ಮಾತು ಸಾಲಪತ್ರದ ಹಾಗೆ. ಅದನ್ನು ಬರೆದುಕೊಟ್ಟ ದಿನ ಕೈಯಿಂದ ಏನೂ ಹೋಗುವದಿಲ್ಲ. ಗಡುವಿನ ದಿನ ಬಂದಾಗ ಅದು ಕೇಳದೆ ಬಿಡುವದಿಲ್ಲ.

ಯುದ್ಧದಿಂದ ತಡೆಯುವದಕ್ಕೆ ಅಲ್ಲವೆಂದು ಉತ್ತರಕೊಟ್ಟವರ ವಿಷಯವಾಗಿಯೂ ಒಂದು ಮಾತು ಹೇಳತಕ್ಕದ್ದು. ಕತ್ತಿಯನ್ನು ಹಿಡಿಯಬಹುದೋ ಇಲ್ಲವೋ ಎಂಬ ವಿಷಯದಲ್ಲಿ ದೇವಭಕ್ತರಾದ ಕ್ರೈಸ್ತರೇ ಎರಡು ಪಕ್ಷವಾಗಿದ್ದಾರೆ; ಈ ಚಿಕ್ಕ ಲೇಖನದಲ್ಲಿ ಆ ವ್ಯಾಜ್ಯವನ್ನು ತೀರಿಸಲಾಗದು. ಆದರೆ ಎರಡು ಪಕ್ಷದವರಿಗೂ ಸಲ್ಲುವ ಒಂದು ನ್ಯಾಯವುಂಟು. ಪೆಟ್ಟುತಿನ್ನುವವನಿಗೋಸ್ಕರ ನಾನು ಕತ್ತಿಯನ್ನು ಹಿಡಿಯಲಾರೆನೆಂದು ಹೇಳುವವನು ಬೇರೆ ವಿಧವಾದ ನಷ್ಟವನ್ನು ಇಮ್ಮಡಿಯಾಗಿ ಹೊರುವದಕ್ಕೆ ಸಿದ್ಧನಾಗಿರಬೇಕು; ಅಂದರೆ ವ್ಯಾಪಾರದ ನಷ್ಟ, ದೇಶಭ್ರಷ್ಟರಿಗೆ ಮನೆಯಲ್ಲಿ ಎಡೆಕೊಡುವ ಕಷ್ಟ, ಬಲಿಷ್ಠರ ಹಗೆ. ಇಲ್ಲದಿದ್ದರೆ ಅವನ ಶಾಂತಿಯ ಖರ್ಚನ್ನು ಬೇರೊಬ್ಬನು ತನ್ನ ರಕ್ತದಿಂದ ಕೊಡಬೇಕಾಗುವದು. ಹಾಗೆಯೇ ಕತ್ತಿಯನ್ನು ಹಿಡಿಯಬಹುದೆನ್ನುವವನು ಇನ್ನೊಬ್ಬರ ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿ ತಾನು ಮನೆಯಲ್ಲಿ ಕೂತಿರಬಾರದು.

ಇಲ್ಲಿ ಒಬ್ಬರು ಎದ್ದು, “ಐಥಿಯೋಪ್ಯಕ್ಕೆ ನ್ಯಾಯವನ್ನು ಕೇಳಿದ ಅದೇ ಇಂಗ್ಲಿಷರು ಆ ಕಾಲದಲ್ಲಿ ನಮ್ಮ ದೇಶವನ್ನು ಆಳುತ್ತಿದ್ದರಲ್ಲವೇ?” ಎಂದು ಕೇಳಬಹುದು. ಕೇಳತಕ್ಕದ್ದೇ. ಭಾರತ ದೇಶವು ರಾಷ್ಟ್ರಸಂಘದ ಮೂಲ ಸದಸ್ಯರಲ್ಲಿ ಒಂದಾಗಿ ಎಣಿಸಲ್ಪಟ್ಟಿತ್ತು. ಆದರೂ ಅದರ ಪ್ರತಿನಿಧಿಗಳನ್ನು ಆರಿಸುವ ಹಕ್ಕು ಭಾರತದ ಜನರಿಗೆ ಇರಲಿಲ್ಲ, ಆಳುವ ಸರಕಾರವೇ ಅವರನ್ನು ನೇಮಿಸುತ್ತಿತ್ತು. ಶಾಂತಿಯ ಮತದ ಐದು ಪ್ರಶ್ನೆಗಳಲ್ಲಿ ಆಳಲ್ಪಡುವ ಜನಾಂಗಗಳ ವಿಷಯವಾಗಿ ಒಂದು ಪ್ರಶ್ನೆಯೂ ಇರಲಿಲ್ಲ. ಪರರ ಕಣ್ಣಿನ ರವೆಯನ್ನು ನೋಡಿದವರಿಗೆ ತಮ್ಮ ಕಣ್ಣಿನ ತೊಲೆ ಕಾಣಲಿಲ್ಲವೆಂಬದು ಸತ್ಯ. ಹಾಗಾದರೆ ಅವರು ಕಲಿಸಿದ ಪಾಠವೇ ಸುಳ್ಳೋ? ಹಾಗಲ್ಲ. ತೂಕದ ಕಲ್ಲು ಸರಿಯಾಗಿದ್ದರೆ, ಅದನ್ನು ಇಟ್ಟುಕೊಂಡ ವರ್ತಕನು ಮೋಸಗಾರನಾದರೂ, ಅದೇ ಕಲ್ಲಿನಿಂದ ಅವನ ಮೋಸವು ಬೈಲಾಗುತ್ತದೆ. ಎಲ್ಲಾ ಜನಾಂಗಗಳಿಗೂ ನ್ಯಾಯವು ಒಂದೇ ಎಂದು ಯೂನಿಯನಿನವರು ಹೇಳಿದ ಮಾತಿನಿಂದಲೇ ಅವರ ಸ್ವಂತ ಸಾಮ್ರಾಜ್ಯವೂ ತೂಗಲ್ಪಟ್ಟು ಕಡಿಮೆಯಾಗಿ ಕಂಡುಬಂತು. ನಾವೂ ದೂರದವರ ನ್ಯಾಯದ ವಿಷಯವಾಗಿ ಮಾತಾಡಿದರೆ ಅದೇ ತಕ್ಕಡಿಯಲ್ಲಿ ನಮ್ಮ ಕೇರಿಯೂ ತೂಗಲ್ಪಡುವದು. ಒಂದೇ ರೊಟ್ಟಿಯಲ್ಲಿ ಪಾಲುಗಾರರಾದವರು ಹಳೇ ಕುಲದ ಹೆಸರನ್ನು ಹಿಡಿದು ಬಾವಿಯ ಬಳಿಯಲ್ಲಿ, ಮದುವೆಯ ಮಾತಿನಲ್ಲಿ, ದೇವಾಲಯದ ಚಾಪೆಯ ಮೇಲೆ ಸಹ ಬೇರೆ ಬೇರೆಯಾಗಿ ಕೂತಿರುವದು ಕರ್ತನಿಗೆ ಕಾಣುವದಿಲ್ಲವೋ?

ಈಗ ನಮ್ಮ ಹಿರಿಯರ ಪ್ರಶ್ನೆಗೆ ತಿರಿಗಿ ಬರೋಣ. ನೆರೆಮನೆಯವನು ಮೊದಲೋ, ದೂರದವನು ಮೊದಲೋ? ದೂರದವನ ಹೊರೆಯನ್ನು ಹೊತ್ತವರು ಇಲ್ಲದಿದ್ದರೆ ನಾವು ಏನಾಗುತ್ತಿದ್ದೆವೆಂದು ಮೊದಲು ಯೋಚಿಸತಕ್ಕದ್ದು. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಆ ಮಿಶನಿನ ಖರ್ಚಿಗೋಸ್ಕರ ೧೮೫೦ರ ದಶಕದಲ್ಲಿ ಒಂದು ಕ್ರಮವು ಏರ್ಪಟ್ಟಿತು. ಸ್ವಿಟ್ಜರ್ಲೆಂಡಿನಲ್ಲಿಯೂ ದಕ್ಷಿಣ ಜರ್ಮನಿಯಲ್ಲಿಯೂ ಇದ್ದ ಸಾಮಾನ್ಯ ವಿಶ್ವಾಸಿಗಳು ವಾರಕ್ಕೊಂದು ಅತಿ ಚಿಕ್ಕ ನಾಣ್ಯವನ್ನು, ಅರ್ಧ ಬಾಟ್ಸೆನ್ ಎಂಬದನ್ನು, ತಪ್ಪದೆ ಕೊಡುತ್ತಿದ್ದರು. ಕೊಟ್ಟವರಲ್ಲಿ ಬಹುಮಂದಿ ನಮ್ಮ ಊರುಗಳ ಹೆಸರನ್ನು ಹೇಳಲಾರದವರೇ. ನಮ್ಮ ಕೇರಿಯಲ್ಲಿಯೂ ಬಡವರಿದ್ದಾರಲ್ಲಾ ಎಂದು ಅವರೆಲ್ಲರೂ ನಾಣ್ಯವನ್ನು ಹಿಂದೆಗೆದಿದ್ದರೆ, ಕನ್ನಡ ನಾಡಿನ ಎಷ್ಟೋ ಶಾಲೆಗಳಿಗೆ ಆಧಾರವಿರುತ್ತಿರಲಿಲ್ಲ.

ದೂರದ ಯುದ್ಧವು ನಮಗೆ ಸಂಬಂಧವಿಲ್ಲವೆನ್ನುವವರಿಗೂ ಅದೇ ಚರಿತ್ರೆಯಲ್ಲಿ ಉತ್ತರವುಂಟು. ೧೯೧೪ರಲ್ಲಿ ಯುರೋಪಿನ ರಾಜರು ಯುದ್ಧಕ್ಕೆ ಹೊರಟ ಮೇಲೆ, ಈ ದೇಶದಲ್ಲಿ ಸೇವೆಮಾಡುತ್ತಿದ್ದ ಬಾಸೆಲ್ ಮಿಶನಿನ ಜರ್ಮನ್ ಮಿಶನೆರಿಗಳು ಸೆರೆಯಲ್ಲಿಡಲ್ಪಟ್ಟು, ತರುವಾಯ ದೇಶದಿಂದ ಹೊರಗೆ ಕಳುಹಿಸಲ್ಪಟ್ಟರು. ಸಭೆಯ ಎಷ್ಟೋ ಕುಟುಂಬಗಳಿಗೆ ಅನ್ನ ಕೊಡುತ್ತಿದ್ದ ಹೆಂಚಿನ ಕಾರ್ಖಾನೆಗಳೂ ನೇಯಿಗೆಯ ಕಾರ್ಖಾನೆಗಳೂ ಮಿಶನಿನ ಕೈಬಿಟ್ಟು ಹೋದವು. ಮಂಗಳೂರಿನ ನೇಕಾರನು ಯಾರ ಮೇಲೆಯೂ ಯುದ್ಧ ಸಾರಿರಲಿಲ್ಲ. ಯುದ್ಧವೇ ಅವನ ಮಗ್ಗದ ಬಳಿಗೆ ಬಂತು.

ಸತ್ಯವೇದವು ಇದಕ್ಕೆ ವಿರೋಧವಾಗಿ ಕಲಿಸುವದಿಲ್ಲ. ತನ್ನ ಮನೆಯವರನ್ನು ಸಂರಕ್ಷಿಸದವನನ್ನು ಪೌಲನು ಬಹು ಕಠಿನವಾಗಿ ಗದರಿಸುತ್ತಾನೆ. ಅದೇ ಪೌಲನು ಯೂದಾಯದಲ್ಲಿದ್ದ ಬಡವರಿಗೋಸ್ಕರ ಮಕೆದೋನ್ಯದವರಿಂದ ಕಾಣಿಕೆ ಎತ್ತುತ್ತಾನೆ. ಮಕೆದೋನ್ಯದವರು ತಾವೇ ಕಡುಬಡವರಾಗಿದ್ದರು, ಯೆರೂಸಲೇಮನ್ನು ನೋಡಿರಲಿಲ್ಲ. ಆದರೂ ತಮಗೆ ಕೊಡುವ ಅವಕಾಶವಿರಬೇಕೆಂದು ತಾವೇ ಬೇಡಿಕೊಂಡರು. ಹೀಗಿರಲಾಗಿ ಹತ್ತಿರದವನ ಪ್ರೀತಿಯೂ ದೂರದವನ ಪ್ರೀತಿಯೂ ಒಂದೇ ಕಣಜದ ಧಾನ್ಯವನ್ನು ಕಸಕೊಳ್ಳುವ ಎರಡು ಇಲಿಗಳಲ್ಲ. ವಿಧವೆಯ ಮನೆಗೆ ಹುಲ್ಲು ಹೊತ್ತು ಅಭ್ಯಾಸವಾದ ಹೆಗಲೇ ದೂರದವನ ಹೊರೆಯನ್ನೂ ಹೊರಬಲ್ಲದು. ಹತ್ತಿರದವನಿಗೆ ಏನೂ ಮಾಡದೆ ಲೋಕವನ್ನೆಲ್ಲಾ ಪ್ರೀತಿಸುತ್ತೇನೆನ್ನುವವನ ಮಾತು ಗಡುವಿನ ದಿನ ನಿಲ್ಲಲಾರದು.

ಯೂನಿಯನಿನ ಮುಂದಿನ ಕಥೆ ಏನೆಂದು ವಾಚಕರು ಕೇಳಬಹುದು. ಅದು ಸೋಲಿನೊಡನೆ ಮುಗಿಯಲಿಲ್ಲ. ಸೆಸಿಲರಿಗೆ ೧೯೩೭ರಲ್ಲಿ ನೊಬೆಲ್ ಶಾಂತಿ ಬಹುಮಾನವು ದೊರೆಯಿತು; ಆದರೆ ಯುದ್ಧವು ಬಂದೇ ಬಂತು. ಯುದ್ಧದ ತರುವಾಯ ೧೯೪೫ರಲ್ಲಿ ವಿಶ್ವಸಂಸ್ಥೆಯು ಹುಟ್ಟಿದಾಗ, ಯೂನಿಯನಿನ ಕೆಲಸವನ್ನು ಮುಂದುವರಿಸುವದಕ್ಕಾಗಿ ಆ ದೇಶದಲ್ಲಿ ‘ಯುನೈಟೆಡ್ ನೇಷನ್ಸ್ ಅಸೋಸಿಯೇಶನ್’ ಎಂಬ ಸಂಘವು ಸ್ಥಾಪಿಸಲ್ಪಟ್ಟಿತು. ಬೇರೆ ದೇಶಗಳಲ್ಲಿಯೂ ಅಂತಹ ಸಂಘಗಳುಂಟು. ೧೯೪೬ರಲ್ಲಿ ಅವುಗಳ ಲೋಕ ಒಕ್ಕೂಟವೂ ಲಕ್ಸೆಂಬರ್ಗಿನಲ್ಲಿ ಏರ್ಪಟ್ಟಿತು. ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ರುಜು ಹಾಕಿದವರಲ್ಲಿ ಒಬ್ಬರಾದ ಸರ್ ಎ. ರಾಮಸ್ವಾಮಿ ಮುದಲಿಯಾರರು ೧೯೪೬ರಲ್ಲಿ ನಮ್ಮ ಮೈಸೂರು ಸಂಸ್ಥಾನದ ದಿವಾನರಾಗಿ ಬಂದರೆಂಬದನ್ನು ಹಿರಿಯರು ಬಲ್ಲರು.

ಇನ್ನೊಂದು ಚಿಕ್ಕ ಸಂಗತಿಯನ್ನು ಹೇಳದೆ ಇರಲಾರೆವು. ೧೯೪೬ನೆಯ ಜನವರಿ ೧೦ರಂದು ೫೧ ರಾಷ್ಟ್ರಗಳ ಪ್ರತಿನಿಧಿಗಳು ವಿಶ್ವಸಂಸ್ಥೆಯ ಮೊದಲನೆಯ ಮಹಾಸಭೆಗಾಗಿ ಕೂಡಿದ್ದು ಯಾವ ಅರಮನೆಯಲ್ಲಿಯೂ ಅಲ್ಲ. ಲಂಡನಿನ ವೆಸ್ಟ್‌ಮಿನ್ಸ್ಟರಿನಲ್ಲಿರುವ ಮೆಥೊಡಿಸ್ಟ್ ಸಭೆಯವರ ಸೆಂಟ್ರಲ್ ಹಾಲಿನಲ್ಲಿ. ಬಾಂಬುಗಳಿಂದ ಕೆಟ್ಟುಹೋಗಿದ್ದ ಆ ಪಟ್ಟಣದಲ್ಲಿ ಸಭೆಯವರು ತಮ್ಮ ಆಲಯವನ್ನು ರಾಷ್ಟ್ರಗಳಿಗೆ ಬಿಟ್ಟುಕೊಟ್ಟು, ತಮ್ಮ ಆರಾಧನೆಯನ್ನು ಕೆಲವು ಕಾಲ ಬೇರೆ ಸ್ಥಳದಲ್ಲಿ ನಡಿಸಿಕೊಂಡರು. ಇದು ದೊಡ್ಡ ತ್ಯಾಗವೆಂದು ನಾವು ಹೇಳುವದಿಲ್ಲ. ಆದರೆ ಭಾನುವಾರ ತಾನು ಕೂತುಕೊಳ್ಳುವ ಸ್ಥಳವನ್ನು ಪರರಿಗೆ ಬಿಟ್ಟುಕೊಡುವದು ಎಷ್ಟು ಕಷ್ಟವೆಂದು ಸಭೆಯನ್ನು ಬಲ್ಲವರಿಗೆಲ್ಲಾ ತಿಳಿದದೆ! ಮಾತಿನ ಸಾಲವು ಅಂತಹ ಚಿಕ್ಕ ಚಿಕ್ಕ ಕಂತುಗಳಲ್ಲಿ ತೀರಿಸಲ್ಪಡುವದು.

ವಿಶ್ವಸಂಸ್ಥೆಯು ದೇವರ ರಾಜ್ಯವಲ್ಲ. ಅದರಲ್ಲಿ ಈಗ ೧೯೩ ರಾಷ್ಟ್ರಗಳಿದ್ದರೂ ಬಲಿಷ್ಠರು ತಮ್ಮ ಮನಸ್ಸಿನಂತೆ ನಡೆಯುವದು ನಿಂತಿಲ್ಲ. ಮನುಷ್ಯರ ಸನ್ನದುಗಳು ಪಾಪದ ಬೇರನ್ನು ಕೀಳಲಾರವು. ಅದು ಶಿಲುಬೆಯ ಕೆಲಸ. ಆದರೆ ಬೇರು ಕೀಳಲ್ಪಡುವ ವರೆಗೂ ಬೇಲಿಯು ಬೇಡವೆಂದು ಯಾವ ರೈತನೂ ಹೇಳುವದಿಲ್ಲ. ಬೇಲಿಯನ್ನು ಕಾಯುವವರು ಮಂತ್ರಿಗಳು ಮಾತ್ರವಲ್ಲ. ತಮ್ಮ ಮಾತನ್ನು ಮರೆಯದ ಸಾಮಾನ್ಯ ಜನರೂ ಅದನ್ನು ಕಾಯುತ್ತಾರೆ.

ಆದದರಿಂದ, ಪ್ರಿಯ ಸಹೋದರ ಸಹೋದರಿಯರೇ, ದೂರದ ನೆರೆಯವನಿಗಾಗಿ ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಆಮೆನ್ ಎಂದು ಹೇಳುವಾಗ, ನಾವೂ ಒಂದು ಸಾಲಪತ್ರಕ್ಕೆ ರುಜು ಹಾಕುತ್ತಿದ್ದೇವೆಂದು ತಿಳುಕೊಳ್ಳೋಣ. ತಾಯಂದಿರು ಒಲೆಯ ಬಳಿಯಲ್ಲಿ ತೆಗೆದಿಡುವ ಹಿಡಿಯಕ್ಕಿಯಿಂದ ವರುಷಕ್ಕೆ ಒಂದು ಪಾಲು ನಮ್ಮ ಕೇರಿಯ ಹೊರಗಿನವರಿಗೆ ಹೋಗಲಿ. ಬೇರೆ ಜನಾಂಗದವರ, ಬೇರೆ ಮತದವರ ವಿಷಯವಾಗಿ ಸುಳ್ಳು ಸುದ್ದಿಯು ಸಂತೆಯಿಂದ ಬಂದಾಗ, ಅದನ್ನು ಮುಂದಕ್ಕೆ ದಾಟಿಸದೆ ನಮ್ಮ ಬಾಗಿಲಲ್ಲೇ ನಿಲ್ಲಿಸೋಣ. ನಮ್ಮ ಊರಿಗೆ ಹೊಟ್ಟೆಯ ಪಾಡಿಗಾಗಿ ಬರುವ ಪರಸ್ಥಳದ ಕೂಲಿಯವನಿಗೆ ಕೂಲಿಯಲ್ಲಿ ಮೋಸವಾಗದಂತೆ ನೋಡಿಕೊಳ್ಳೋಣ; ಅವನೇ ಒಂದು ದಿನ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವ ದೂರದ ನೆರೆಯವನು. ಇವು ಚಿಕ್ಕ ಕೆಲಸಗಳು. ಆದರೆ ವರುಷವರುಷವೂ ತಪ್ಪದೆ ಮಾಡಿದರೆ, ಐಥಿಯೋಪ್ಯದ ಗಡುವಿನಂಥ ದಿನವು ನಮ್ಮ ಮೇಲೆ ಬಂದಾಗ ನಮ್ಮ ಹೆಗಲು ಹೊರೆಗೆ ಹೊಸದಾಗಿರದು.

ಮುಂದಿನ ಸಾರಿ ಆ ಹಿರಿಯರು ಬಂದು ನಾವು ಯಾವ ಸಾಲ ಬಿದ್ದಿದ್ದೇವೆಂದು ಕೇಳಿದರೆ, ಅವರ ಸಂಗಡ ಮೊದಲು ಆ ವಿಧವೆಯ ಮನೆಗೆ ಹುಲ್ಲು ಹೊತ್ತುಕೊಂಡು ಹೋಗೋಣ. ಬಳಿಕ ಕಾಣಿಕೆಯ ಚೀಲವನ್ನು ಅವರ ಕೈಯಲ್ಲಿಯೇ ಕೊಡೋಣ. ದೂರವಾಗಿದ್ದ ನಮ್ಮನ್ನು ತನ್ನ ರಕ್ತದಿಂದ ಸಮೀಪಕ್ಕೆ ತಂದ ಕರ್ತನು, ನಾವು ಹೌದೆಂದು ಹೇಳಿದ್ದನ್ನು ನೆರವೇರಿಸುವ ಬಲವನ್ನು ನಮಗೆಲ್ಲರಿಗೂ ದಯಪಾಲಿಸಲಿ.